ಓದುಗರ ಪ್ರಶ್ನೆ: ಕಟ್ಟಿದ ಭಾಷೆಗೆ ಸ್ಪೆಲಿಂಗ್ ಕೂಡಿಸುವುದು

(ರೋಮನ್ ಅಕ್ಷರಗಳನ್ನು ಇಲ್ಲಿ ಅವುಗಳ ಹೆಸರಿನಿಂದಲೇ ಬರೆದಿದ್ದೇವೆ: ಎಸ್, ಎಚ್, ಎಕ್ಸ್ ಹೀಗೆ.)

ಪ್ರಶ್ನೆ: ಕಾದಂಬರಿಯೊಂದಕ್ಕಾಗಿ ಬೆಟ್ಟದ ಜನರ ಭಾಷೆ ಕಟ್ಟುತ್ತಿದ್ದೇನೆ. ಕನ್ನಡದ ಎಲ್ಲ ವ್ಯಂಜನಗಳ ಜೊತೆಗೆ ಐದಾರು ಹೊಸ ಧ್ವನಿ ಸೇರಿಸಿದ್ದೇನೆ. ಆದರೂ ಪದಗಳು ಕನ್ನಡದ ಹಾಗೇ ಕೇಳಿಸುತ್ತವೆ. ಏನು ಮಾಡಲಿ? (ಓದುಗರು, ದಾವಣಗೆರೆ)

ಸೇರಿಸುವುದನ್ನು ನಿಲ್ಲಿಸಿ, ತೆಗೆಯಲು ಶುರುಮಾಡಿ. ಹವಾಯಿ ಭಾಷೆಗೆ ಇರುವುದು 8 ವ್ಯಂಜನ, 5 ಸ್ವರ (ಹ್ರಸ್ವ-ದೀರ್ಘದ ಲೆಕ್ಕ ಬೇರೆ). ಸೋನ್ಯಾ ಲಾಂಗ್ 2001ರಲ್ಲಿ ಹೊರತಂದ ಟೋಕಿ ಪೋನಾ ಎಂಬ ಕಟ್ಟಿದ ಭಾಷೆಗೆ 9 ವ್ಯಂಜನ, 5 ಸ್ವರ. ನಿಮ್ಮ ಬೆಟ್ಟದವರಿಗೂ 14–15 ವ್ಯಂಜನ ಧಾರಾಳ.

ತೆಗೆಯುವಾಗ ಅಲ್ಲೊಂದು ಇಲ್ಲೊಂದು ಕೀಳಬೇಡಿ. ವರ್ಗೀಯ ವ್ಯಂಜನಗಳನ್ನು 5 ಸಾಲು, 5 ಕಂಬದಲ್ಲಿ ಬರೆದುಕೊಳ್ಳಿ. ಮಹಾಪ್ರಾಣದ ಎರಡು ಕಂಬ ತೆಗೆದರೆ ಒಂದೇ ಏಟಿಗೆ 10 ಹೋದವು. ಟವರ್ಗದ ಸಾಲು ತೆಗೆದರೆ ಉಳಿದ ಟ, ಡ, ಣ ಹೋದವು. ಅವುಗಳ ಜೊತೆ ಷ, ಳ ಕೂಡ ಹೋಗಬೇಕು, ಎಲ್ಲವೂ ನಾಲಿಗೆ ಮಡಿಸಿ ಹೇಳುವಂಥವು. ಆಮೇಲೆ ಪದದ ಆದಿ, ಅಂತ್ಯ ನೋಡಿ. ಇಂದಿನ ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ನಿಮ್ಮವು ಕ್, ತ್‌ನಲ್ಲಿ ಮುಗಿಯಲಿ. ಙ ನಮಗೆ ಕವರ್ಗದ ಅಕ್ಷರಕ್ಕೆ ಮೊದಲು ಮಾತ್ರ ಗೊತ್ತು. ಅದನ್ನೇ ಪದದ ಮೊದಲಿಗೆ ಇಡಿ, ‘ಙಾರುತ್’ ಅನ್ನಿ. ಹೊಸ ಧ್ವನಿ ಒಂದೂ ಸೇರಿಸದೆ ಕಿವಿ ನಿಮಿರುತ್ತದೆ.

ಪ್ರಶ್ನೆ: ಶ ಬರೆಯಲು ಎಸ್-ಎಚ್, ಥ ಬರೆಯಲು ಟಿ-ಎಚ್, ಹ ಬರೆಯಲು ಎಚ್ ಇಟ್ಟುಕೊಂಡೆ. ‘ತಸ್‌ಹಾ’ ಎಂಬ ಊರನ್ನು ಗೆಳೆಯ ‘ತಶಾ’ ಎಂದು ಓದಿದ. (ಓದುಗರು, ಚಿತ್ರದುರ್ಗ)

ಗೆಳೆಯ ಸರಿಯಾಗಿಯೇ ಓದಿದ್ದಾನೆ. ಒಂದು ಎಚ್‌ಗೆ ಮೂರು ಕೆಲಸ ಹಚ್ಚಿದ್ದೀರಿ. ನಿಮ್ಮ ಊರಿನ ಹೆಸರನ್ನೇ ನೋಡಿ: ರೋಮನ್‌ನಲ್ಲಿ ಅದು ಸಿ-ಎಚ್‌ನಿಂದ ಶುರುವಾಗುತ್ತದೆ, ಆದರೆ ಅಲ್ಲಿರುವುದು ಅಲ್ಪಪ್ರಾಣ ಚ. ಧಾರವಾಡದ ಡಿ-ಎಚ್‌ನಲ್ಲಿ ಅದೇ ಎಚ್ ಮಹಾಪ್ರಾಣದ ಗುರುತು. ಹಾಗಾಗಿ ಛ ಬರೆಯಬೇಕಾದಾಗ ಸಿ-ಎಚ್-ಎಚ್ ಎಂದು ಇನ್ನೊಂದು ಎಚ್ ಅಂಟಿಸಬೇಕಾಗುತ್ತದೆ.

ಈ ಗುಂಡಿಗೆ ನಿಮಗಿಂತ ಮೊದಲೇ ಬಿದ್ದವರಿದ್ದಾರೆ. 1887ರಲ್ಲಿ ಝಮೆನ್‌ಹೋಫ್ ಪ್ರಕಟಿಸಿದ ಎಸ್ಪೆರಾಂಟೊ ಎಂಬ ಕಟ್ಟಿದ ಭಾಷೆಯಲ್ಲಿ 28 ಅಕ್ಷರ, ಒಂದಕ್ಕೆ ಒಂದೇ ಧ್ವನಿ. ಅವುಗಳಲ್ಲಿ ಆರಕ್ಕೆ ತಲೆಯ ಮೇಲೆ ಗುರುತು ಇದೆ. ಆ ಅಚ್ಚುಮೊಳೆ ಇಲ್ಲದ ಮುದ್ರಣಾಲಯಗಳು ಅವುಗಳಲ್ಲಿ ಐದಕ್ಕೆ ಗುರುತಿನ ಬದಲು ಎಚ್ ಸೇರಿಸಬಹುದು ಎಂದು ಅವರೇ ಅವಕಾಶ ಕೊಟ್ಟರು. ವಿಮಾನ ನಿಲ್ದಾಣಕ್ಕೆ ಆ ಭಾಷೆಯಲ್ಲಿ ‘ಫ್ಲುಗ್‌ಹವೇನೊ’. ಫ್ಲುಗ್ ಎಂದರೆ ಹಾರಾಟ, ಹವೇನೊ ಎಂದರೆ ಬಂದರು. ಅಲ್ಲಿನ ಜಿ-ಎಚ್ ಅನ್ನು ಗುರುತಿನ ಜಿ, ಅಂದರೆ ಜ ಎಂದುಕೊಂಡರೆ ‘ಫ್ಲುಜವೇನೊ’ ಆಗಿಬಿಡುತ್ತದೆ. ಅದಕ್ಕೇ ಕೀಬೋರ್ಡಿನಲ್ಲಿ ಬರೆಯುವ ಬಹಳ ಮಂದಿ ಎಚ್ ಬಿಟ್ಟು ಎಕ್ಸ್ ಹಿಡಿದರು. ಎಕ್ಸ್ ಆ ವರ್ಣಮಾಲೆಯಲ್ಲೇ ಇಲ್ಲ, ಗೊಂದಲಕ್ಕೆ ಜಾಗವಿಲ್ಲ.

ನಿಮಗೆ ದಾರಿ ಮೂರು. ಖಾಲಿ ಬಿದ್ದಿರುವ ಅಕ್ಷರಗಳನ್ನು ದುಡಿಸಿಕೊಳ್ಳುವುದು ಒಂದು: ಚ-ಕ್ಕೆ ಬರೀ ಸಿ, ಶ-ಕ್ಕೆ ಎಕ್ಸ್. ಅಚ್ಚುಕಟ್ಟು ಹೌದು, ಆದರೆ ಟಿಪ್ಪಣಿ ಓದದವರು ಸಿ-ಯನ್ನು ಕ ಅನ್ನುತ್ತಾರೆ. ಎಸ್ ಮತ್ತು ಎಚ್ ನಡುವೆ ಅಡ್ಡಗೆರೆ ಹಾಕುವುದು ಎರಡನೆಯದು; ನಕ್ಷೆಯ ಮೇಲೆ ಕಣ್ಣಿಗೆ ಚುಚ್ಚುತ್ತದೆ. ಮೂರನೆಯದು ಅಗ್ಗ, ನಮ್ಮ ಓಟು ಅದಕ್ಕೇ: ವ್ಯಂಜನದ ಬೆನ್ನಿಗೇ ಹ ಬರಲೇಬಾರದು ಎಂದು ಭಾಷೆಗೇ ನಿಯಮ ಮಾಡಿ. ಜೊತೆಗೆ ಥ-ವನ್ನೂ ಬಿಟ್ಟುಬಿಡಿ. ಆಗ ಎಸ್-ಎಚ್ ಎಲ್ಲಿ ಕಂಡರೂ ಶ. ತಸ್‌ಹಾ ಊರಿಗೆ ಬೇರೆ ಹೆಸರಿಡಬೇಕು, ಅಷ್ಟೇ.

ಪ್ರಶ್ನೆ: ನನ್ನ ಭಾಷೆಯಲ್ಲಿ ಲ-ಳ, ನ-ಣ ಎರಡೂ ಬೇಕು, ಒತ್ತಕ್ಷರವೂ ಬೇಕು. ಕ್ಯಾಪಿಟಲ್ ಅಕ್ಷರ ಬಳಸಲೇ, ಚುಕ್ಕೆ ಇಡಲೇ? (ಓದುಗರು, ಚಳ್ಳಕೆರೆ)

ಚಳ್ಳಕೆರೆಯ ರೋಮನ್ ರೂಪದಲ್ಲಿ ಎರಡು ಎಲ್ ಇವೆ: ಒತ್ತು ತಿಳಿಯಿತು, ಳ ತಿಳಿಯಲಿಲ್ಲ. ದೋಸೆ ಹೋಟೆಲಿನ ಬೋರ್ಡಿನಲ್ಲಿ ಬಿ-ಇ-ಎನ್-ಎನ್-ಇ ಎಂದಿದ್ದರೂ ದಾವಣಗೆರೆಯವರು ಬೆಣ್ಣೆ ಎಂದೇ ಓದುತ್ತಾರೆ, ಪದ ಮೊದಲೇ ಗೊತ್ತಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಆ ಕಾಲದ ಬ್ರಾಹ್ಮಿ ಬರಹದಲ್ಲಿ ದ್ವಿತ್ವವನ್ನು ಒಂಟಿ ಅಕ್ಷರವಾಗಿಯೇ ಕೆತ್ತುತ್ತಿದ್ದರು. ಪ್ರಾಕೃತ ಬಲ್ಲವರಿಗೆ ಸಾಕಿತ್ತು. ನಿಮ್ಮ ಭಾಷೆಯನ್ನು ಬಲ್ಲವರು ನೀವೊಬ್ಬರೇ, ಆದ್ದರಿಂದ ಎಲ್ಲವನ್ನೂ ಬರೆಯಲೇಬೇಕು. ಒತ್ತಿಗೆ ಅಕ್ಷರವನ್ನು ಎರಡು ಸಲ ಬರೆಯಿರಿ, ಅದರಲ್ಲಿ ತಕರಾರಿಲ್ಲ.

ಕ್ಯಾಪಿಟಲ್ ವಿಧಾನವನ್ನು ಮಾರ್ಕ್ ಓಕ್ರಾಂಡ್ ಸ್ಟಾರ್ ಟ್ರೆಕ್ ಚಿತ್ರಗಳಿಗಾಗಿ ಕಟ್ಟಿದ ಕ್ಲಿಂಗನ್ ಭಾಷೆ ಬಳಸುತ್ತದೆ (ನಿಘಂಟು ಬಂದದ್ದು 1985ರಲ್ಲಿ). ಅಲ್ಲಿ ದೊಡ್ಡ ಡಿ ನಮ್ಮ ಡ-ಕಾರದಂತೆ. ಸಣ್ಣ ಕ್ಯೂ, ದೊಡ್ಡ ಕ್ಯೂ ಬೇರೆ ಬೇರೆ ಧ್ವನಿ. ಆದರೆ ಫೋನು ವಾಕ್ಯದ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿ ಲ-ವನ್ನು ಳ ಮಾಡಿಬಿಡುತ್ತದೆ. ಊರಿನ ಹೆಸರು ಲ-ದಿಂದ ಶುರುವಾದರಂತೂ ಮುಗಿಯಿತು.

ಅಚ್ಚಿಗೆ ಹೋಗುವುದಾದರೆ ಅಡಿಚುಕ್ಕೆಯೇ ಲೇಸು, ಲಿಪ್ಯಂತರದ ಐಎಸ್‌ಓ 15919 ಪದ್ಧತಿಯೂ ಳ, ಣ, ಟ, ಡ-ಗಳಿಗೆ ಅದನ್ನೇ ಇಡುತ್ತದೆ. ಒಂದು ಎಚ್ಚರಿಕೆ: ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಚುಕ್ಕೆಯ ಎಲ್ ಒಂದೇ ಸಂಕೇತವಾಗಿಯೂ ಇದೆ, ಎಲ್ ಜೊತೆಗೆ ಬಿಡಿ ಚುಕ್ಕೆ ಸೇರಿಸಿಯೂ ಬರುತ್ತದೆ. ನೋಡಲು ಎರಡೂ ಒಂದೇ. ಎರಡೂ ಬೆರೆತ ಕಡತದಲ್ಲಿ ಹುಡುಕಿದರೆ ಅರ್ಧ ಪದಗಳು ಸಿಗದೇ ಹೋಗಬಹುದು. ಮೊದಲ ದಿನವೇ ಒಂದನ್ನು ಆರಿಸಿ, ಅದನ್ನೇ ನಕಲು ಮಾಡಿ ಅಂಟಿಸುತ್ತಾ ಹೋಗಿ.

ಪ್ರಶ್ನೆ: ಹೆಸರುಗಳ ನಡುವೆ ಅಪಾಸ್ಟ್ರಫಿ ಹಾಕಿದರೆ ಚೆನ್ನಾಗಿ ಕಾಣುತ್ತದಲ್ಲವೇ? (ಓದುಗರು, ಹರಿಹರ)

ಕಾಣುವುದಕ್ಕಷ್ಟೇ ಆದರೆ ಬೇಡ. ಲೋಜ್ಬಾನ್ ಎಂಬ ಕಟ್ಟಿದ ಭಾಷೆಯಲ್ಲಿ ಅದಕ್ಕೆ ಕೆಲಸವಿದೆ, ಎರಡು ಸ್ವರಗಳ ನಡುವಿನ ಹ. ಕ್ಲಿಂಗನ್‌ನಲ್ಲಿ ಗಂಟಲು ಕ್ಷಣ ಮುಚ್ಚಿ ತೆರೆಯುವ ಧ್ವನಿ. ನಿಮ್ಮಲ್ಲಿ ಅದನ್ನು ಹೇಗೆ ಉಚ್ಚರಿಸಬೇಕು ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಅಳಿಸಿ.

ಪ್ರಶ್ನೆ: ನಾಟಕಕ್ಕೆ ಕಟ್ಟಿದ ಭಾಷೆಯ ಮಾತುಗಳನ್ನು ರೋಮನ್‌ನಲ್ಲಿ ಕೊಟ್ಟೆವು. ಒಬ್ಬೊಬ್ಬ ನಟರೂ ಒಂದೊಂದು ಥರ ಹೇಳುತ್ತಾರೆ. (ತಂಡದವರು, ಹೊಸದುರ್ಗ)

ನಟರಿಗೆ ಕನ್ನಡ ಲಿಪಿಯಲ್ಲೇ ಕೊಡಿ, ರೋಮನ್ ಕರಪತ್ರಕ್ಕಿರಲಿ. ಆಗಲೂ ಕನ್ನಡದ ನಾಲಿಗೆ ತನ್ನ ಕೈಚಳಕ ತೋರಿಸುತ್ತದೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉ ಅಂಟಿಕೊಳ್ಳುತ್ತದೆ. ಹಿಂದಿನ ಸ್ವರ ಹ್ರಸ್ವವಾದರೆ ಒತ್ತೂ ಬರುತ್ತದೆ. ಬಸ್ ಬಸ್ಸಾದಂತೆ, ಪೆನ್ ಪೆನ್ನಾದಂತೆ ನಿಮ್ಮ ‘ಮೊರಕ್’ ‘ಮೊರಕ್ಕು’ ಆಗುತ್ತದೆ. ಪದದ ಮೊದಲ ಎ ‘ಯೆ’ ಆಗುತ್ತದೆ, ಒ ‘ವೊ’ ಆಗುತ್ತದೆ. ಕ-ಖ ವ್ಯತ್ಯಾಸದ ಮೇಲೆ ಅರ್ಥ ನಿಂತಿದ್ದರೆ ವೇಗದ ಮಾತಿನಲ್ಲಿ ಅದು ಉಳಿಯುವುದಿಲ್ಲ, ಅಂಥ ಜೋಡಿಪದಗಳನ್ನೇ ಬದಲಿಸಿ.

ಪರೀಕ್ಷೆ ಹೀಗೆ: 20 ಪದ ಬರೆದು, ಭಾಷೆ ಕೇಳಿರದ ಮೂವರಿಗೆ ಬೇರೆ ಬೇರೆಯಾಗಿ ಕೊಟ್ಟು ಫೋನಿನಲ್ಲಿ ರೆಕಾರ್ಡ್ ಮಾಡಿ. ಇಬ್ಬರು ಒಂದೇ ಕಡೆ ಎಡವಿದರೆ ಸ್ಪೆಲಿಂಗ್ ತಿದ್ದಿ. ಒಬ್ಬರೇ ಎಡವಿದರೆ ಹೇಳಿಕೊಟ್ಟರೆ ಸಾಕು. ತಿದ್ದಿದ ಮೇಲೆ ಹಳೆಯ ಪ್ರತಿಗಳನ್ನು ತಪ್ಪದೆ ವಾಪಸು ಪಡೆಯಿರಿ, ಇಲ್ಲವಾದರೆ ರಂಗದ ಮೇಲೆ ಎರಡು ಭಾಷೆ ಕೇಳಿಸುತ್ತದೆ.