ಬೀ-ಬಾಟ್ ಕೈಗೆ ಸಿಕ್ಕರೆ ಬಿಡುವುದೇ ಇಲ್ಲ!

ಪ್ರಶ್ನೆ: ನಾನು ಎರಡನೇ ತರಗತಿ ಶಿಕ್ಷಕಿ. ಶಾಲೆಗೆ ಬೀ-ಬಾಟ್ ಬಂದಿದೆ, ಬೆನ್ನ ಮೇಲಿನ ಬಾಣದ ಗುಂಡಿ ಒತ್ತಿದ ಕ್ರಮದಲ್ಲೇ ನೆಲದ ಮೇಲೆ ಓಡುವ ಜೇನುನೊಣದ ಆಕಾರದ ಪುಟ್ಟ ರೋಬೋಟ್. ಆಟಿಸಂ ಇರುವ ಹುಡುಗನೊಬ್ಬ ಅದನ್ನು ಮಗುಚಿ ಹಾಕಿ ಚಕ್ರ ತಿರುಗಿಸುತ್ತಾ ಕೂರುತ್ತಾನೆ, ಯಾರಿಗೂ ಕೊಡುವುದಿಲ್ಲ. ಅದು ಬೀಪ್ ಅಂದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಗುಂಪಿಗೆ ಸೇರಿಸುವುದು ಹೇಗೆ?

ಉತ್ತರ: ಮೊದಲು ಸದ್ದು ನಿಲ್ಲಿಸಿ. ರೋಬೋಟಿನ ಅಡಿಯಲ್ಲಿ ಪವರ್ ಸ್ವಿಚ್ ಜೊತೆ ಸೌಂಡ್ ಸ್ವಿಚ್ಚೂ ಇದೆ. ಅದನ್ನು ಆಫ್ ಮಾಡಿದರೂ ಬೀ-ಬಾಟ್ ಎಂದಿನಂತೆ ಓಡುತ್ತದೆ. ಚಕ್ರ ತಿರುಗಿಸುವುದು ತುಂಟತನವಲ್ಲ, ಕಿತ್ತುಕೊಳ್ಳಬೇಡಿ. ಅದಕ್ಕೊಂದು ಆಟದ ಕಾರು ಇಡಿ. 'ಮೊದಲು ಬೀ-ಬಾಟ್, ಆಮೇಲೆ ಕಾರು' ಎಂದು ಎರಡು ಚಿತ್ರ ಅಂಟಿಸಿದ ಪಟ್ಟಿ ತೋರಿಸಿ.

ಬೀ-ಬಾಟ್ ಒಂದು ಹೆಜ್ಜೆಗೆ 15 ಸೆಂ.ಮೀ. ಸಾಗುತ್ತದೆ. ಡ್ರಾಯಿಂಗ್ ಶೀಟ್ ಅಂಟಿಸಿ 60 ಸೆಂ.ಮೀ. ಚೌಕ ಮಾಡಿ, 16 ಮನೆ ಬರೆಯಿರಿ. ಅಂಚು ಎದ್ದಿದ್ದರೆ ಚಕ್ರ ಓರೆಯಾಗಿ ಮನೆ ತಪ್ಪುತ್ತದೆ, ಟೇಪ್ ಹಾಕಿ.

ಮೊದಲು ಅವನೊಬ್ಬನಿಗೇ ಕಲಿಸಿ, ಬಳಿಕ ಅವನಿಗೆ ಒಗ್ಗಿದ ಒಂದು ಮಗುವನ್ನು ಕೂರಿಸಿ. 'ಹಂಚಿಕೊಂಡು ಆಡು' ಎಂದರೆ ಆಗುವುದಿಲ್ಲ. ಇಬ್ಬರಿಲ್ಲದೆ ಕೆಲಸವೇ ಸಾಗದಂತೆ ಮಾಡಬೇಕು. ಗೆಳತಿ ಬಾಣದ ಕಾರ್ಡುಗಳನ್ನು ಒಂದೊಂದಾಗಿ ಕೊಡಲಿ, ಅವನು ಆ ಗುಂಡಿ ಒತ್ತಿ ಕಾರ್ಡು ಮಗುಚಿಡಲಿ. ಮಗುಚದಿದ್ದರೆ ಎಲ್ಲಿಯವರೆಗೆ ಒತ್ತಿದೆ ಎಂಬುದೇ ಮರೆತುಹೋಗುತ್ತದೆ. ಗುರಿ ತಲುಪಿದ ಮೇಲೆ ಪಾತ್ರ ಅದಲುಬದಲು. ಹತ್ತು ನಿಮಿಷ ಸಾಕು. ಮುಗಿಯುವ ಎರಡು ನಿಮಿಷ ಮೊದಲೇ 'ಮುಗಿಯುತ್ತದೆ' ಕಾರ್ಡು ತೋರಿಸಿ, ರೋಬೋಟನ್ನು ಪೆಟ್ಟಿಗೆಗೆ ಅವನ ಕೈಯಲ್ಲೇ ಇಡಿಸಿ.

ಜಗಳ ಶುರುವಾಗುವ ಕಡೆ ಎರಡಿವೆ. ಹಳೆಯ ಆಜ್ಞೆ ಅಳಿಸದೆ ಹೊಸದು ಒತ್ತಿದರೆ ಅದು ಹಳೆಯದರ ಹಿಂದೆ ಸೇರಿ ರೋಬೋಟ್ ಎತ್ತಲೋ ಹೋಗುತ್ತದೆ. ಆದ್ದರಿಂದ ಅಳಿಸುವ ಗುಂಡಿಯ ಚಿತ್ರವೇ ಮೊದಲ ಕಾರ್ಡು. ಇನ್ನೊಂದು, ತಿರುವು ಬಾಣ ಒತ್ತಿದಾಗ ಅದು ನಿಂತಲ್ಲೇ 90 ಡಿಗ್ರಿ ತಿರುಗುತ್ತದೆ, ಪಕ್ಕದ ಮನೆಗೆ ಹೋಗುವುದಿಲ್ಲ. ಇದನ್ನು ಮೊದಲೇ ತೋರಿಸಿಕೊಡಿ, ಇಲ್ಲದಿದ್ದರೆ ಕೆಟ್ಟಿದೆ ಎಂದು ಮಕ್ಕಳು ಕೈಯಿಂದ ತಳ್ಳುತ್ತಾರೆ.

ಎಷ್ಟು ಗುಂಡಿ ಸರಿಯಾಗಿ ಒತ್ತಿದ ಎಂದು ಲೆಕ್ಕವಿಡಬೇಡಿ. ಮುಂದಿನ ಕಾರ್ಡಿಗೆ ಗೆಳತಿಯತ್ತ ಕೈ ಚಾಚಿದನೇ, ಅವಳ ಸರದಿಗೆ ಕಾದನೇ, ಅದನ್ನು ಬರೆದಿಡಿ. ಮಾತಿಲ್ಲದೆ ಕೈ ಚಾಚಿದರೂ ಅದು ಕೇಳಿದ್ದೇ. ರೋಬೋಟಿನೊಂದಿಗೆ ಕಲಿತದ್ದು ತಾನಾಗಿ ಬೇರೆಡೆಗೆ ಬರುವುದಿಲ್ಲ. ಅಂಗಳದಲ್ಲಿ ಕುಂಟೆಬಿಲ್ಲೆಯಂತೆ ಸೀಮೆಸುಣ್ಣದ ಮನೆ ಬರೆದು, ಒಂದು ಮಗುವೇ ರೋಬೋಟ್ ಆಗಿ ಅದೇ ಕಾರ್ಡುಗಳಿಂದ ಆಡಿಸಿ.

ಪ್ರಶ್ನೆ: ಮಾತಾಡುವ ದೊಡ್ಡ ರೋಬೋಟ್ ತಂದರೆ ಇನ್ನೂ ಒಳ್ಳೆಯದೇ?

ಉತ್ತರ: ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಕ್ಯಾಸ್ಪರ್, 58 ಸೆಂ.ಮೀ. ಎತ್ತರದ ನಾವೊ, ಇಂಥ ಮನುಷ್ಯಾಕಾರದ ರೋಬೋಟ್‌ಗಳನ್ನು ಆಟಿಸಂ ಇರುವ ಮಕ್ಕಳೊಂದಿಗೆ ಬಳಸಿದ್ದಾರೆ. ಆದರೆ ಅವನ್ನು ಸಜ್ಜುಗೊಳಿಸಿ ನಡೆಸಲು ತರಬೇತಾದವರು ಬೇಕು. ಒಬ್ಬರೇ ಶಿಕ್ಷಕರಿರುವ ತರಗತಿಯಲ್ಲಿ ಅವರ ಕಣ್ಣು ಮಕ್ಕಳನ್ನು ಬಿಟ್ಟು ಯಂತ್ರದ ಮೇಲೆ ಇರುತ್ತದೆ. ಆ ದುಡ್ಡಿದ್ದರೆ ಇನ್ನೊಂದು ಬೀ-ಬಾಟ್ ತನ್ನಿ, ಮತ್ತೊಂದು ಜೋಡಿ ಕೂರಿಸಬಹುದು.