80ರ ದಶಕದ ಬಾಲ್ಯವೇ ಚೆನ್ನಾಗಿತ್ತು ಅಂತ ಯಾಕೆ ಅನ್ನಿಸುತ್ತದೆ?

ನೆನಪು ಕೆಲಸ ಮಾಡುವ ರೀತಿಯೇ ಹಾಗೆ. ಹಳೆಯ ಕಹಿ ಬೇಗ ಮಾಸುತ್ತದೆ, ಸಿಹಿ ನಿಧಾನವಾಗಿ. ಜೊತೆಗೆ 40 ದಾಟಿದವರಿಗೆ ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳೇ ಜಾಸ್ತಿ. ಮನಶ್ಶಾಸ್ತ್ರದಲ್ಲಿ ಇದಕ್ಕೆ ರೆಮಿನಿಸೆನ್ಸ್ ಬಂಪ್ ಅನ್ನುತ್ತಾರೆ.

ನನ್ನದೇ ನೋಡಿ. ಬೇಸಿಗೆ ರಜೆ, ಅಜ್ಜಿ ಮನೆ ಜಗಲಿ, ಚೌಕಾಬಾರ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನೇ ಕಲ್ಲಿಗೆ ಉಜ್ಜಿ ಒಂದು ಕಡೆ ಬಿಳಿ ಮಾಡಿಕೊಳ್ಳುತ್ತಿದ್ದೆವು. ಉಜ್ಜಿ ಬಿಸಿಯಾದ ಬೀಜವನ್ನು ಪಕ್ಕದವನ ತೊಡೆಗೆ ತಾಗಿಸಿ ಚುರ್ ಅನ್ನಿಸುವುದು ಬೇರೆ!

ಅದೇ ಮನೆಯೊಳಗೆ ಅಜ್ಜಿ ಸೌದೆ ಒಲೆ ಊದಿ ಊದಿ ಕೆಮ್ಮುತ್ತಿದ್ದಳು, ಅಮ್ಮ ಬಾವಿಯಿಂದ ನೀರು ಸೇದುತ್ತಿದ್ದಳು. ಕಷ್ಟವೆಲ್ಲ ದೊಡ್ಡವರ ಪಾಲಿಗಿತ್ತು, ಅದಕ್ಕೇ ನಮಗದು ಸರಳ ಕಾಲ, ಅಲ್ವಾ? ಅಮ್ಮನನ್ನು ಕೇಳಿದರೆ, ಮನೆಗೆ ಗ್ಯಾಸ್ ಬಂದ ಮೇಲಿನ ದಿನಗಳೇ ಒಳ್ಳೆಯವು ಅನ್ನುತ್ತಾಳೆ.