ಸೋಮವಾರದ ಪಟ್ಟಿಗೆ ಹೆದರುತ್ತಿದ್ದ ಡಬಲ್ಸ್ ಆಟಗಾರ

ಆಪ್ತಸಲಹೆಗೆ ನನ್ನ ಹತ್ತಿರ ಬಂದ ಆಟಗಾರರೊಬ್ಬರ ಕತೆ ಇದು. ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಸುಹಾಸ್ ಎಂದು ಕರೆಯೋಣ.

ವಯಸ್ಸು 29. ವೃತ್ತಿ ಟೆನಿಸ್. ಭುಜದ ತೊಂದರೆಯಿಂದ ಸಿಂಗಲ್ಸ್ ಬಿಟ್ಟು ಕೆಲವು ವರ್ಷಗಳಾಗಿವೆ, ಈಗ ಆಡುವುದು ಡಬಲ್ಸ್ ಮಾತ್ರ. ರ‍್ಯಾಂಕಿಂಗ್ 300ರ ಆಚೀಚೆ. ನನ್ನ ಹತ್ತಿರ ಸಮಯ ಗೊತ್ತು ಮಾಡಿದ್ದು ಅವರ ಅಕ್ಕ. "ಅಕ್ಕ ಬಲವಂತ ಮಾಡಿದ್ಲು ಅಂತ ಬಂದೆ ಮೇಡಂ, ನಂಗೇನೂ ಆಗಿಲ್ಲ" ಎಂದೇ ಮಾತು ಶುರು ಮಾಡಿದರು. ಆಮೇಲೆ ಒಂದೊಂದಾಗಿ ಹೊರಬಂತು. ಭಾನುವಾರ ರಾತ್ರಿ ನಿದ್ದೆ ಬರುವುದಿಲ್ಲ. ಸೋಮವಾರ ಹೊಸ ರ‍್ಯಾಂಕಿಂಗ್ ಪಟ್ಟಿ ಬರುತ್ತದೆ. ಅದು ಬರುವ ತನಕ ಫೋನ್ ಹಿಡಿದುಕೊಂಡು ಕೂರುತ್ತಾರೆ. ಬಂದ ಮೇಲೆ ಯಾರ ಹತ್ತಿರವೂ ಮಾತಿಲ್ಲ. ಅಮ್ಮ ಊಟಕ್ಕೆ ಕರೆದರೂ ರೇಗುತ್ತಾರೆ. ಗೆದ್ದ ವಾರವೂ ಖುಷಿ ಇರುವುದಿಲ್ಲ.

ಸೋತಾಗ ಬೇಜಾರಾಗುವುದು ಯಾರಿಗಾದರೂ ಅರ್ಥವಾಗುತ್ತದೆ. ಗೆದ್ದಾಗ ಯಾಕೆ ಅಂತ ಕೇಳಿದೆ.

"ಈ ವಾರ ಗೆದ್ದ ಪಾಯಿಂಟು ಮುಂದಿನ ವರ್ಷ ಇದೇ ವಾರ ಹೋಗತ್ತೆ ಮೇಡಂ. ಅದನ್ನ ಉಳಿಸ್ಕೊಳ್ಳೋಕೆ ಮತ್ತೆ ಗೆಲ್ಲಬೇಕು. ಗೆದ್ದ ದಿನಾನೇ ಟೆನ್ಷನ್ ಶುರು."

ಟೆನಿಸ್ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರ‍್ಯಾಂಕಿಂಗ್ ಅಂದರೆ ಹಿಂದಿನ 52 ವಾರಗಳ ಲೆಕ್ಕ. ಕೆಳಗಿನ ಹಂತದ ಎಂ25 ಟೂರ್ನಿಯನ್ನು ಗೆದ್ದರೆ 25 ಪಾಯಿಂಟ್. ಅದರ ಮೇಲಿನ ಚಾಲೆಂಜರ್ ಹಂತದಲ್ಲಿ ಗೆದ್ದವರಿಗೆ ಟೂರ್ನಿಯ ದರ್ಜೆ ನೋಡಿ 50, 75, 100, ಹೀಗೆ. ಗ್ರ್ಯಾನ್ ಸ್ಲಾಮ್ ಗೆದ್ದರೆ 2000. ಸುಹಾಸ್ ಹಿಂದಿನ ವರ್ಷ ಒಂದು ಎಂ25 ಗೆದ್ದಿದ್ದರು. ಆ 25 ಪಾಯಿಂಟ್ ಬೀಳುವ ವಾರ ಹತ್ತಿರ ಬರುತ್ತಿತ್ತು. ಅವರ ನಿದ್ದೆ ಕೆಟ್ಟದ್ದೂ ಹೆಚ್ಚೂಕಡಿಮೆ ಆಗಿನಿಂದಲೇ.

ಡಬಲ್ಸ್‌ನಲ್ಲಿ ಇನ್ನೊಂದು ತೊಡಕಿದೆ. ಟೂರ್ನಿಗೆ ಪ್ರವೇಶ ಸಿಗುವುದು ಇಬ್ಬರ ರ‍್ಯಾಂಕ್ ಕೂಡಿಸಿ ನೋಡಿದಾಗ. ಒಬ್ಬರದು ಜಾರಿದರೆ ಇನ್ನೊಬ್ಬರೂ ಹೊರಗೆ. ಸಾಲದ್ದಕ್ಕೆ, ಸಿಂಗಲ್ಸ್ ಆಡುವವರು ತಮ್ಮ ಸಿಂಗಲ್ಸ್ ರ‍್ಯಾಂಕ್ ತೋರಿಸಿ ಡಬಲ್ಸ್‌ಗೂ ಸೇರಬಹುದು. ಹಾಗಾಗಿ ಡಬಲ್ಸನ್ನೇ ನಂಬಿದವರು ಎಷ್ಟೋ ಸಲ ವಿಮಾನದ ಟಿಕೆಟ್ ಹಾಕಿಕೊಂಡು ಹೋಗಿ, ಸ್ಥಳದಲ್ಲಿ ಹೆಸರು ಬರೆಸಿ, ಆಡದೆ ವಾಪಸ್ ಬರುತ್ತಾರೆ. ಆಡಿದರೂ ಏನು? ಮೂರನೇ ಸೆಟ್ ಬದಲು 10 ಪಾಯಿಂಟಿನ ಟೈಬ್ರೇಕ್. ಗೇಮ್ 40-40ಕ್ಕೆ ಸಮವಾಗಿ ಡ್ಯೂಸ್ ಆದರೆ ಮುಂದಿನ ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ. ಎರಡು ಬಾಲ್ ಆಚೀಚೆ ಬಿದ್ದರೆ ಆ ವಾರ ಮುಗಿದ ಹಾಗೆ.

ಎರಡು ಸೀಸನ್ ಜೊತೆಗೆ ಆಡಿದ ಪಾರ್ಟ್‌ನರ್ ಬಿಟ್ಟುಹೋಗಿದ್ದೂ ಇದೇ ಹೊತ್ತಿನಲ್ಲಿ. ಫೋನ್ ಕೂಡ ಮಾಡಲಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು. "ಅವನ ತಪ್ಪಿಲ್ಲ ಮೇಡಂ, ನನ್ನ ನಂಬರು ಅವನ ಕಾಲಿಗೆ ಕಟ್ಟಿದ ಕಲ್ಲಾಗಿತ್ತು" ಅಂದರು. ಈ ಮಾತು ಹೇಳುವಾಗ ಅಳು ಬಂತು. ಮೊದಲ ಭೇಟಿಯಲ್ಲಿ ಅತ್ತಿದ್ದು ಅಲ್ಲೊಂದೇ ಕಡೆ. ಸೋಲಿನ ಬಗ್ಗೆ, ಸಾಲದ ಬಗ್ಗೆ ಮಾತಾಡುವಾಗ ದನಿ ಕೂಡ ನಡುಗಿರಲಿಲ್ಲ.

ಬದುಕುವುದೇ ಬೇಡ ಅನ್ನಿಸಿದ್ದುಂಟಾ ಅಂತ ನೇರವಾಗಿ ಕೇಳಿದೆ. ಇಂಥ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. ಇಲ್ಲ ಎಂದರು, ಆದರೆ "ಕೈಗೇ ಏನಾದ್ರೂ ಆಗಿ ಆಟ ನಿಂತುಹೋದ್ರೆ ಸಾಕು" ಅನ್ನಿಸುತ್ತದಂತೆ. ಆಗ ಬಿಟ್ಟೆ ಅಂತ ಯಾರಿಗೂ ಹೇಳಬೇಕಾಗಿಲ್ಲ ಅಲ್ವಾ? ಕ್ರೀಡಾಪಟುಗಳ ಬಾಯಲ್ಲಿ ಈ ಆಸೆ ಹೊಸದಲ್ಲ. ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಅವರ ಫೋನಿನಲ್ಲಿ ಹಾಕಿಸಿದೆ. ಮನೋವೈದ್ಯರ ಹತ್ತಿರವೂ ಕಳಿಸಿದೆ. ತಾನು ವೃತ್ತಿಪರ ಆಟಗಾರ ಅಂತ ವೈದ್ಯರಿಗೆ ಮೊದಲೇ ಹೇಳಬೇಕು, ಯಾವ ಮಾತ್ರೆ ಬರೆದರೂ ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ) ನಿಷೇಧ ಪಟ್ಟಿ ನೋಡಿಯೇ ನುಂಗಬೇಕು ಅಂತ ಎಚ್ಚರಿಸಿದೆ. ಗೆಳೆಯರು ಕೊಟ್ಟ ನಿದ್ದೆ ಮಾತ್ರೆಯಂತೂ ಬೇಡವೇ ಬೇಡ.

ಎರಡನೇ ಭೇಟಿಯಲ್ಲಿ ಫೋನ್ ತೋರಿಸಿದರು. ಸೋತ ಮ್ಯಾಚಿನ ರಾತ್ರಿ ಬಂದ ಬೈಗುಳದ ಮೆಸೇಜುಗಳು, ನಾನಾ ಭಾಷೆಗಳಲ್ಲಿ. ತಾಯಿಯನ್ನೂ ಬಿಟ್ಟಿರಲಿಲ್ಲ. ಪ್ರೇಕ್ಷಕರೇ ಇಲ್ಲದ ಕೋರ್ಟಿನಲ್ಲಿ ಆಡಿದ ಮ್ಯಾಚಿಗೂ ಜಗತ್ತಿನಲ್ಲಿ ಎಲ್ಲೋ ಕೂತವರು ಬೆಟ್ ಕಟ್ಟಿರುತ್ತಾರೆ. ದುಡ್ಡು ಹೋದರೆ ಆಟಗಾರನಿಗೆ ಬೈಗುಳ. ಅದರ ನಡುವೆ ಒಂದು ಮೆಸೇಜ್ ಬೇರೆ ತರಹ ಇತ್ತು. ಬಹಳ ಮರ್ಯಾದೆಯ ಮೆಸೇಜು. ಒಂದು ಸೆಟ್ ಬಿಟ್ಟುಕೊಟ್ಟರೆ ಇಷ್ಟು ಎಂದು ಬರೆದಿತ್ತು. "ಉತ್ತರ ಕೊಡ್ಲಿಲ್ಲ, ಸುಮ್ನೆ ಬಿಟ್ಟೆ" ಅಂದರು.

ಇಲ್ಲಿ ಆಪ್ತಸಲಹೆಯ ಮೆದು ದನಿ ಬದಿಗಿಟ್ಟೆ. ಸುಮ್ಮನಿದ್ದರೆ ಸಾಲದು. ಟೆನಿಸ್‌ನ ಭ್ರಷ್ಟಾಚಾರ ತಡೆ ನಿಯಮದ ಪ್ರಕಾರ, ಇಂಥ ಆಮಿಷ ಬಂದಾಗ ವರದಿ ಮಾಡದಿರುವುದೂ ಅಪರಾಧ. ಅಂತರರಾಷ್ಟ್ರೀಯ ಟೆನಿಸ್ ಇಂಟೆಗ್ರಿಟಿ ಏಜೆನ್ಸಿ ಇರುವುದೇ ಅದಕ್ಕೆ. ನನ್ನ ಕೋಣೆಯಲ್ಲಿ ಆಡಿದ ಮಾತು ಗುಟ್ಟಾಗಿಯೇ ಇರುತ್ತದೆ, ಆದರೆ ವರದಿ ಮಾಡುವ ಹೊಣೆ ನಿಮ್ಮದು, ಈವತ್ತೇ ಮಾಡಿ ಎಂದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಅಲ್ಲೇ ಕೂತು ಬರೆದು ಕಳಿಸಿದರು. ಮ್ಯಾಚ್ ದಿನ ಅಪರಿಚಿತರ ಮೆಸೇಜ್ ಕಾಣದಂತೆ ಫೋನಿನಲ್ಲಿ ಬದಲಾವಣೆ ಮಾಡಿಕೊಂಡರು. ಆ ಆಮಿಷದ ಮೊತ್ತ ನೋಡಿ ಒಂದು ಕ್ಷಣ ಮನಸ್ಸು ಅಲ್ಲಾಡಿತ್ತು ಎಂಬ ನಾಚಿಕೆಯೂ ಆ ದಿನವೇ ಹೊರಬಂತು. ಮನಸ್ಸು ಅಲ್ಲಾಡಿದ್ದಕ್ಕೆ ಕಾರಣ ದುರಾಸೆ ಆಗಿರಲಿಲ್ಲ, ಮನೆಯ ಮೇಲಿನ ಸಾಲ.

ಸರಿ, ದುಡ್ಡಿನ ಮಾತಿಗೆ ಬಂದೆವು. ಎಂ25ಗಿಂತ ಕೆಳಗಿನ ಎಂ15 ಟೂರ್ನಿಯೊಂದರ ಒಟ್ಟು ಬಹುಮಾನವೇ 15,000 ಡಾಲರ್. ಅದರಲ್ಲಿ ದೊಡ್ಡ ಪಾಲು ಸಿಂಗಲ್ಸ್‌ನವರಿಗೆ. ಡಬಲ್ಸ್‌ಗೆ ಉಳಿದಿದ್ದನ್ನು ಎಲ್ಲ ಜೋಡಿಗಳಿಗೂ ಹಂಚಿ, ಆಮೇಲೆ ಜೋಡಿಯ ಇಬ್ಬರೂ ಹಂಚಿಕೊಳ್ಳಬೇಕು. ಆ ದೇಶದ ತೆರಿಗೆ ಕಳೆದು ಕೈಗೆ ಬಂದದ್ದು ರ‍್ಯಾಕೆಟ್ ತಂತಿ, ಹೋಟೆಲ್, ಟಿಕೆಟ್‌ಗೂ ಸಾಲುವುದಿಲ್ಲ. ಪುರುಷರ ವೃತ್ತಿಪರ ಟೆನಿಸ್ ನಡೆಸುವ ಎಟಿಪಿ 2024ರಲ್ಲಿ ಆಟಗಾರರಿಗೆ ಕನಿಷ್ಠ ಆದಾಯದ ಭರವಸೆ ಕೊಡುವ ಬೇಸ್‌ಲೈನ್ ಯೋಜನೆ ತಂದಿತು. ಅದು ಸಿಂಗಲ್ಸ್‌ನ ಮೊದಲ 250 ಮಂದಿಗೆ. ಡಬಲ್ಸ್ ಆಡುವವರಿಗೆ ಅದರಲ್ಲಿ ಜಾಗವಿಲ್ಲ. ಸಿಂಗಲ್ಸ್‌ನಲ್ಲಿ ಆಗ ಭಾರತದ ನಂಬರ್ ಒನ್ ಆಗಿದ್ದ ಸುಮಿತ್ ನಗಾಲ್ ಕೂಡ 2023ರಲ್ಲಿ ತನ್ನ ಬ್ಯಾಂಕಿನಲ್ಲಿ 900 ಯೂರೋ ಮಾತ್ರ ಇದೆ ಅಂತ ಬಾಯಿಬಿಟ್ಟು ಹೇಳಿದ್ದರು. ಇದನ್ನು ಸುಹಾಸ್‌ಗೆ ನೆನಪಿಸಿದೆ. ಖಾತೆ ಖಾಲಿ ಇರುವುದಕ್ಕೂ ಸೋಮಾರಿತನಕ್ಕೂ ಸಂಬಂಧವಿಲ್ಲ ಎಂಬುದು ಅವರ ತಲೆಗೆ ಹೋಗಬೇಕಿತ್ತು.

ಇನ್ನು ಮನೆಯಲ್ಲಿ ಕೇಳಿಬರುವ ಮಾತು ನೋಡಿ. "ಬೋಪಣ್ಣನ್ನ ನೋಡೋ, 43ಕ್ಕೆ ನಂಬರ್ ಒನ್ ಆದ. ನಿಂಗಿನ್ನೂ 29." ಅಪ್ಪ ಇದನ್ನು ಧೈರ್ಯ ತುಂಬಲೆಂದೇ ಹೇಳುತ್ತಾರೆ. ಆದರೆ ಈ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಒಂದನೇ ಸ್ಥಾನಕ್ಕೇರಿದ್ದು ನಿಜ. ಆದರೆ ಅವರು 30ನೇ ವಯಸ್ಸಿನಲ್ಲೇ, ಅಂದರೆ 2010ರಲ್ಲೇ, ಯುಎಸ್ ಓಪನ್ ಫೈನಲ್ ಆಡಿದ್ದರು. 2013ರಲ್ಲಿ ಮೂರನೇ ರ‍್ಯಾಂಕ್ ಮುಟ್ಟಿದ್ದರು. 300ರಲ್ಲಿ ಇರುವ ಹುಡುಗನಿಗೆ ಅವರ ಹೆಸರು ಹೇಳಿದರೆ ಧೈರ್ಯ ಬರುವುದಿಲ್ಲ, ಬಿಡುವ ದಾರಿಯೂ ಮುಚ್ಚಿಹೋಗುತ್ತದೆ. 43ರ ತನಕ ಕಾಯಲು ಯಾರ ದುಡ್ಡು?

ಆಟ ಬಿಡಲಾ ಬೇಡವಾ ಅಂತ ಸುಹಾಸ್ ಪ್ರತಿ ಭೇಟಿಯಲ್ಲೂ ಕೇಳುತ್ತಿದ್ದರು. ಉತ್ತರ ಹೇಳುವುದು ನನ್ನ ಕೆಲಸವಲ್ಲ. ಆದರೆ ಆ ಪ್ರಶ್ನೆ ಯಾವಾಗ ಬರುತ್ತದೆ ಅನ್ನುವುದನ್ನು ಇಬ್ಬರೂ ಸೇರಿ ಗಮನಿಸಿದೆವು. ಸೋತ ರಾತ್ರಿ "ಬಿಡ್ತೀನಿ". ಗೆದ್ದ ರಾತ್ರಿ "ಇನ್ನೊಂದು ವರ್ಷ". ಹೀಗೆ ವರ್ಷವಿಡೀ ಪ್ರತಿ ವಾರ ಕೆಲಸಕ್ಕೆ ರಾಜೀನಾಮೆ ಕೊಟ್ಟು ವಾಪಸ್ ತಗೊಂಡರೆ ಯಾರಿಗೆ ತಾನೇ ನಿದ್ದೆ ಬಂದೀತು? ಅದಕ್ಕೇ ನಾನು ಕೊಟ್ಟ ಮುಖ್ಯ ಸಲಹೆ ಇದು. ಟೂರ್ನಿಗಳು ಕಡಿಮೆ ಇರುವ ಡಿಸೆಂಬರ್‌ನಲ್ಲಿ ಕೂತು, ಮುಂದಿನ ವರ್ಷ ಯಾವ ಷರತ್ತಿನ ಮೇಲೆ ಆಡುತ್ತೇನೆ ಅಂತ ಬರೆಯಿರಿ. ಮುಂದಿನ ನವೆಂಬರ್ ತನಕ ಆ ಹಾಳೆ ಮುಟ್ಟಬೇಡಿ. ನಡುವೆ ಪ್ರಶ್ನೆ ಎದ್ದರೆ "ನವೆಂಬರ್‌ಗೆ ನೋಡೋಣ" ಅಷ್ಟೇ ಉತ್ತರ.

ಅವರು ಬರೆದ ಷರತ್ತುಗಳಲ್ಲಿ ರ‍್ಯಾಂಕ್ ಒಂದೇ ಒಂದು ಸಾಲು, ಅದೂ ಕೊನೆಯಲ್ಲಿ. ಮೊದಲನೆಯದು: ಮನೆಯ ಮೇಲೆ ಇನ್ನು ಒಂದು ರೂಪಾಯಿ ಸಾಲ ಇಲ್ಲ. ಎರಡನೆಯದು ಭುಜದ ಬಗ್ಗೆ, ಫಿಸಿಯೋ ಬೇಡ ಅಂದ ವಾರ ಆಡುವುದಿಲ್ಲ. ಖರ್ಚಿಗೆ ಬೇಸಿಗೆಯಲ್ಲಿ ಜರ್ಮನಿಯ ಕ್ಲಬ್ ಲೀಗ್ ಮ್ಯಾಚುಗಳು, ಊರಲ್ಲಿದ್ದಾಗ ಬೆಳಗ್ಗೆ ಮಕ್ಕಳಿಗೆ ಕೋಚಿಂಗ್. ಟೂರ್ನಿಗಳನ್ನು ಆದಷ್ಟು ಇಲ್ಲೇ ಹುಡುಕುವುದು. ಧಾರವಾಡ, ಕಲಬುರಗಿ, ಮೈಸೂರಿನಲ್ಲೂ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿಗಳು ನಡೆದಿವೆ, ಕಬ್ಬನ್ ಪಾರ್ಕಿನಲ್ಲಿ ಬೆಂಗಳೂರು ಓಪನ್ ಚಾಲೆಂಜರ್ ಇದೆ. ಊರಿನಲ್ಲಿ ಆಡಿದರೆ ನೆಂಟರೆಲ್ಲ ಬಂದು ಕೂರುತ್ತಾರೆ ಅನ್ನುವುದು ಅವರ ತಕರಾರು. ಅಕ್ಕನಿಗೆ ಹೇಳಿ ಪಾಸ್ ಕೊಡಿಸಬೇಡಿ ಎಂದೆ. ಮೊದಲ ಸಲ ನಕ್ಕರು.

ಹೊಸ ಪಾರ್ಟ್‌ನರ್ ಜೊತೆ ಏನು ಮಾತಾಡಬೇಕು ಅನ್ನುವುದನ್ನೂ ನನ್ನೆದುರು ಆಡಿ ನೋಡಿದೆವು. ಎಷ್ಟು ವಾರ ಜೊತೆಗಿರುತ್ತೇವೆ, ಪ್ರವೇಶ ಸಿಗದಿದ್ದರೆ ಬೇರೆಯವರ ಜೊತೆ ಆಡಬಹುದಾ, ಬಿಡುವುದಾದರೆ ಫೋನ್ ಮಾಡಿಯೇ ಹೇಳಬೇಕು. ಇದನ್ನೆಲ್ಲ ಮೊದಲೇ ಮಾತಾಡಿಕೊಳ್ಳುವುದು ಈ ವಲಯದಲ್ಲಿ ಕಡಿಮೆಯಂತೆ. ಹಳೇ ಪಾರ್ಟ್‌ನರ್‌ಗೂ ಅವರಾಗಿಯೇ ಫೋನ್ ಮಾಡಿದರು. ಅವನೂ ಕರೆಗಾಗಿ ಕಾಯುತ್ತಿದ್ದನಂತೆ, ಹೇಗೆ ಮಾತಾಡುವುದು ಅಂತ ಹೆದರಿದ್ದನಂತೆ.

ಈಗ ಸೋಮವಾರದ ಪಟ್ಟಿಯನ್ನು ಅಕ್ಕ ನೋಡುತ್ತಾರೆ. ಯಾವ ಟೂರ್ನಿಗೆ ಹೆಸರು ಕೊಡಬೇಕು ಅನ್ನುವುದಕ್ಕೆ ಬೇಕಾದಷ್ಟು ಮಾತ್ರ ತಮ್ಮನಿಗೆ ಹೇಳುತ್ತಾರೆ. ಎಂ25ರ ಪಾಯಿಂಟ್ ಬಿದ್ದೂ ಆಯಿತು, ರ‍್ಯಾಂಕ್ ಕೆಳಗೆ ಇಳಿಯಿತು. ನಿದ್ದೆ ಪೂರ್ತಿ ಸರಿಹೋಗಿಲ್ಲ, ಆದರೆ ಮೊದಲಿಗಿಂತ ಪರವಾಗಿಲ್ಲ. ವೈದ್ಯರ ಹತ್ತಿರ ಹೋಗುವುದನ್ನು ನಿಲ್ಲಿಸಿಲ್ಲ. ಅಪ್ಪ ಮಾತ್ರ ಷರತ್ತಿನ ಹಾಳೆಯನ್ನು ಇನ್ನೂ ಓದಿಲ್ಲ. ಸಾಲ ತೀರಿಸುವ ಲೆಕ್ಕಕ್ಕೆ ಅವರ ಒಪ್ಪಿಗೆ ಬೇಕೇ ಬೇಕು. ಮುಂದಿನ ಭೇಟಿಗೆ ಅವರನ್ನೂ ಬರಹೇಳಿದ್ದೇನೆ.